ದಂಡು ಹೋಯ್ತು, ಛಾವಣಿ ಉಳೀತು: ಲಿಂಗಸುಗೂರಿನ ಎರಡು ಹೆಸರಿನ ಹಿಂದಿನ ಕಥೆ

ಲಿಂಗಸುಗೂರು: ಹೊಸದಾಗಿ ನಮ್ಮೂರಿಗೆ ಬಂದವರು ಒಂದು ವಿಷಯಕ್ಕೆ ತಲೆ ಕೆರ್ಕೋತಾರೆ. ಊರು ಒಂದೇ, ಹೆಸರು ಮಾತ್ರ ಎರಡು. ಒಂದು ಕಸಬಾ ಲಿಂಗಸುಗೂರು, ಇನ್ನೊಂದು ಛಾವಣಿ ಲಿಂಗಸುಗೂರು. ಹಳಬರ ಬಾಯಲ್ಲಿ, ಕಾಗದಪತ್ರಗಳಲ್ಲಿ ಎರಡೂ ಹೆಸರು ಬರ್ತಾವೆ. "ಏನ್ರಿ ಇದು, ಎರಡರಾಗ ಖರೆ ಲಿಂಗಸುಗೂರು ಯಾವ್ದು?" ಅಂತ ಕೇಳಿದರೆ ನಮ್ಮಲ್ಲೇ ಬಹಳ ಮಂದಿಗೆ ಉತ್ತರ ಗೊತ್ತಿಲ್ಲ. "ಮೊದಲಿಂದ ಹಂಗೇ ಕರೀತಾರ" ಅಂತ ಹೇಳಿ ಸುಮ್ಮನಾಗ್ತೀವಿ.

ಆದರೆ ಆ "ಛಾವಣಿ" ಅನ್ನೋ ಒಂದು ಪದದ ಹಿಂದೆ ಇಂಗ್ಲಿಷರ ದಂಡು, ನಿಜಾಮರ ಸಾಲ, ಸುರಪುರದ ಬಂಡಾಯ, ನಾವು ಕಳಕೊಂಡ ಒಂದು ಜಿಲ್ಲೆ, ಇಷ್ಟೂ ಇದೆ. ಹಟ್ಟಿ ಚಿನ್ನದ ಗಣಿ ಮತ್ತು ಮಸ್ಕಿ ಶಾಸನದ ಕಥೆಯಲ್ಲೂ ಅದೇ ಕಾಲದ ಇಂಗ್ಲಿಷರೇ ಬರ್ತಾರೆ. ಹೀಗಾಗಿ ಇದು ಲಿಂಗಸುಗೂರಿನವರಿಗೆ ಮಾತ್ರ ಸಂಬಂಧಿಸಿದ್ದಲ್ಲ. ಮಸ್ಕಿ, ಸಿಂಧನೂರಿನವರೂ ಓದಬೇಕಾದ ಕಥೆ.

ಛಾವಣಿ ಅಂದ್ರೆ ಏನು?

ಮನೆಯ ಮೇಲ್ಭಾಗಕ್ಕೆ ನಾವು ಚಾವಣಿ ಅಂತೀವಿ. ಸೈನಿಕರು ಇರೋ ಜಾಗಕ್ಕೆ ಛಾವಣಿ ಅಂತೀವಿ. ಎರಡಕ್ಕೂ ಮೂಲ ಒಂದೇ: ಹೊದಿಸುವುದು, ಮುಚ್ಚುವುದು ಅನ್ನೋ ಅರ್ಥದ ಪದ. ದಂಡು ಒಂದು ಕಡೆ ನಾಲ್ಕು ದಿನ ಇದ್ದು ಹೋಗೋದಾದರೆ ಡೇರೆ ಸಾಕು. ವರ್ಷಗಟ್ಟಲೆ ಇರೋದಾದರೆ ತಲೆ ಮೇಲೆ ಸೂರು ಬೇಕು. ಹಾಗೆ ಸೂರು ಹಾಕಿಕೊಂಡು ನೆಲೆ ನಿಂತ ದಂಡಿನ ಜಾಗವೇ ಛಾವಣಿ.

ಕಸಬಾ ಅನ್ನೋದು ಅರಬ್ಬಿಯಿಂದ ಬಂದ ಪದ. ಸುತ್ತಲಿನ ಹಳ್ಳಿಗಳಿಗೆ ಮುಖ್ಯವಾದ ಊರು, ಸಂತೆ ಕಚೇರಿ ಇರೋ ಊರು ಅಂತ ಅರ್ಥ. ಅಂದರೆ ಲೆಕ್ಕ ಸರಳ. ಕಸಬಾ ಅಂದರೆ ಮೊದಲಿಂದ ಇದ್ದ ಊರು. ಛಾವಣಿ ಅಂದರೆ ದಂಡಿಗೋಸ್ಕರ ಎದ್ದ ಊರು.

ಇಂಥ ಜಾಗಗಳು ಕರ್ನಾಟಕದಲ್ಲಿ ಬೇರೆ ಕಡೆಯೂ ಇವೆ. ಬೆಂಗಳೂರಿನವರು ತಮ್ಮ ಕಂಟೋನ್ಮೆಂಟನ್ನು "ದಂಡು" ಅಂತ ಕರೆದರು. ಬೆಳಗಾವಿಯವರು "ಕ್ಯಾಂಪ್" ಅಂದರು. ಬಳ್ಳಾರಿಯಲ್ಲಿ ದಂಡಿನ ಪಕ್ಕ ಬೆಳೆದ ಪೇಟೆ ಇವತ್ತಿಗೂ ಕೌಲ್ ಬಜಾರ್. ನಮ್ಮದು ನಿಜಾಮರ ಸೀಮೆ. ಕಚೇರಿ ಭಾಷೆ ಮೊದಲು ಫಾರಸಿ, ಆಮೇಲೆ ಉರ್ದು. ಹಂಗಾಗಿ ನಮ್ಮ ಬಾಯಿಗೆ "ಛಾವಣಿ" ಕೂತುಕೊಂಡಿತು.

ನಿಜಾಮರ ನೆಲದಲ್ಲಿ ಇಂಗ್ಲಿಷ್ ಅಧಿಕಾರಿ ಹೇಗೆ?

ಇಲ್ಲೊಂದು ಪ್ರಶ್ನೆ ಬರುತ್ತೆ. ರಾಯಚೂರು ಸೀಮೆ ಹೈದರಾಬಾದ್ ನಿಜಾಮರದ್ದು. ಇಂಗ್ಲಿಷರದ್ದು ತುಂಗಭದ್ರೆಯ ಆ ಕಡೆ. 1800ರಲ್ಲಿ ನಿಜಾಮರು ಬಳ್ಳಾರಿ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಹೊಳೆಯೇ ಗಡಿ ಆಯಿತು. ಸಿರುಗುಪ್ಪ ಕಂಪನಿ ಸರ್ಕಾರ, ಸಿಂಧನೂರು ನಿಜಾಮ ಸರ್ಕಾರ. ಮುಂದೆ ದುಡ್ಡು ಕೂಡ ಬೇರೆ ಆಯಿತು. ಈ ಕಡೆ ಹಾಲಿ ಸಿಕ್ಕಾ, ಆ ಕಡೆ ಕಲ್ದಾರ್ ರೂಪಾಯಿ. ಸುಮಾರು ಏಳು ಹಾಲಿ ರೂಪಾಯಿ ಕೊಟ್ಟರೆ ಆರು ಕಲ್ದಾರ್ ಸಿಗುತ್ತಿತ್ತು. ಹೊಳೆ ದಾಟಿ ವ್ಯಾಪಾರ ಮಾಡೋರಿಗೆ ಈ ಲೆಕ್ಕ ಬಾಯಿಪಾಠ ಇರಲೇಬೇಕಿತ್ತು. ಹಾಗಿದ್ದ ಮೇಲೆ ಹೊಳೆಯ ಈ ಕಡೆ ಇಂಗ್ಲಿಷ್ ಅಧಿಕಾರಿಗಳ ದಂಡು ಬಂದದ್ದು ಹೇಗೆ?

ಉತ್ತರ "ಹೈದರಾಬಾದ್ ಕಂಟಿಂಜೆಂಟ್" ಅನ್ನೋ ಪಡೆಯಲ್ಲಿದೆ. ಸಿಪಾಯಿಗಳು ನಮ್ಮವರು, ಮೇಲಿನ ಅಧಿಕಾರಿಗಳು ಇಂಗ್ಲಿಷರು, ಖರ್ಚು ಮಾತ್ರ ನಿಜಾಮರದ್ದು! ಬೊಲ್ಲಾರಂ, ಔರಂಗಾಬಾದ್, ಹಿಂಗೋಲಿ, ಎಲಿಚ್‌ಪುರ ಇತ್ಯಾದಿ ಊರುಗಳಲ್ಲಿ ಈ ಪಡೆಯ ಠಾಣ್ಯಗಳಿದ್ದವು. ಆ ಪಟ್ಟಿಯಲ್ಲಿ ನಮ್ಮ ಲಿಂಗಸುಗೂರೂ ಒಂದು.

ಪಡೆಯ ಪಗಾರ ಕೊಡೋದು ನಿಜಾಮ ಸರ್ಕಾರಕ್ಕೆ ಆಗಲಿಲ್ಲ. ಬಾಕಿ ಏರಿತು, ಸಾಲ ಬೆಳೀತು. ಕೊನೆಗೆ 1853ರ ಮೇ ತಿಂಗಳಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಕಾಲದಲ್ಲಿ ಒಂದು ಒಪ್ಪಂದ ಆಯಿತು. ಪಡೆಯ ಖರ್ಚಿಗೆ ಅಂತ ಬೇರಾರ್, ಧಾರಾಶಿವ್ ಸೀಮೆ ಮತ್ತು ನಮ್ಮ ರಾಯಚೂರು ದೋಆಬ್ ಇಂಗ್ಲಿಷರ ಕೈಗೆ ಹೋದವು. ಕೃಷ್ಣಾ ಮತ್ತು ತುಂಗಭದ್ರಾ ನಡುವಿನ ನೆಲವೇ ದೋಆಬ್. ಅಂಗಡಿ ಭಾಷೆಯಲ್ಲಿ ಹೇಳಬೇಕಂದರೆ, ಬಾಕಿ ತೀರೋವರೆಗೂ ಹೊಲ ಒತ್ತೆ ಇಟ್ಟ ಹಾಗೆ. 1853ರಿಂದ 1860ರವರೆಗೆ ಏಳು ವರ್ಷ ನಮ್ಮ ಸೀಮೆಯ ಆಡಳಿತ ನೇರವಾಗಿ ಇಂಗ್ಲಿಷರ ಕೈಯಲ್ಲಿತ್ತು.

1858ರ ಫೆಬ್ರವರಿ

ಈಗಿನ ಹೆದ್ದಾರಿ ನೆನಪು ಮಾಡ್ಕೊಳ್ಳಿ. ಬಳ್ಳಾರಿ, ಸಿರುಗುಪ್ಪ, ಸಿಂಧನೂರು, ಮಸ್ಕಿ, ಲಿಂಗಸುಗೂರು, ತಿಂಥಣಿ ಸೇತುವೆ ದಾಟಿದರೆ ಸುರಪುರ. ಬಳ್ಳಾರಿ ಕಡೆಯಿಂದ ಸುರಪುರಕ್ಕೆ ಹೊರಟರೆ ಕೃಷ್ಣೆ ದಾಟೋ ಮೊದಲು ಸಿಗೋ ದೊಡ್ಡ ಊರು ನಮ್ಮದು. ಇಲ್ಲಿ ದಂಡು ಇದ್ದದ್ದರ ಬೆಲೆ 1858ರಲ್ಲಿ ಗೊತ್ತಾಯಿತು.

ಸುರಪುರದ ರಾಜಾ ವೆಂಕಟಪ್ಪ ನಾಯಕ ಇಂಗ್ಲಿಷರ ವಿರುದ್ಧ ನಿಂತಾಗ ಅವರ ಮೇಲೆ ಹೋದದ್ದು ಲಿಂಗಸುಗೂರಿನ ಕ್ಯಾಪ್ಟನ್ ವಿಂಡಮ್‌ನ ಪಡೆ. 1858ರ ಫೆಬ್ರವರಿಯಲ್ಲಿ ಸುರಪುರದಲ್ಲಿ ಕಾಳಗ ನಡೆಯಿತು. ಕ್ಯಾಪ್ಟನ್ ನ್ಯೂಬೆರಿ ಅನ್ನೋ ಇಂಗ್ಲಿಷ್ ಅಧಿಕಾರಿ ಅದರಲ್ಲಿ ಸತ್ತ. ಇನ್ನಷ್ಟು ಪಡೆ ಬರ್ತಾ ಇರೋದು ತಿಳಿದ ರಾಜಾ ಹೈದರಾಬಾದಿಗೆ ಹೋದರು. ಅಲ್ಲಿ ಸೆರೆಯಾದರು. ವಿಚಾರಣೆ ಆಯಿತು, ಶಿಕ್ಷೆ ಆಯಿತು. ಚೆಂಗಲ್ಪಟ್ಟಿನ ಕಡೆ ಸಾಗಿಸುವಾಗ ದಾರಿಯಲ್ಲೇ ಗುಂಡು ತಗುಲಿ ತೀರಿಕೊಂಡರು.

ಈ ಕಥೆ ನಮಗೆ ಇಷ್ಟು ವಿವರವಾಗಿ ಸಿಗೋದು ಮೆಡೋಸ್ ಟೇಲರ್‌ನಿಂದ. ರಾಜಾ ಚಿಕ್ಕವರಿದ್ದಾಗ ಸುರಪುರದ ಆಡಳಿತ ನೋಡಿಕೊಂಡ ಇಂಗ್ಲಿಷ್ ಅಧಿಕಾರಿ ಈತ. ಹುಡುಗ ತನ್ನನ್ನು "ಅಪ್ಪಾ" ಅಂತ ಕರೀತಿದ್ದ ಅಂತ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ಇವತ್ತಿಗೂ ಇದೆ. ನೋಡಿರದಿದ್ದರೆ ಒಮ್ಮೆ ಹೋಗಿ ನೋಡಿ ಬರ್ರಿ.

ಒಂದು ಮಾತು ಗಮನಿಸಬೇಕು. ಟೇಲರ್ ಬರೆದ, ಅವನ ಮಾತು ಉಳೀತು. ಅವನ ಮನೆ ಅವನ ಹೆಸರಲ್ಲೇ ನಿಂತಿತು. ನಮ್ಮ ಛಾವಣಿಯಿಂದ ಹೋದ ಸಿಪಾಯಿಗಳು ಅದೇ ಸೀಮೆಯ ಜನರ ಮೇಲೆ ಬಂದೂಕು ಎತ್ತುವಾಗ ಏನು ಅಂದುಕೊಂಡರು? ಅವರ ಹೆಂಡಿರು ಮಕ್ಕಳು ಇಲ್ಲಿ ಏನು ಮಾಡ್ತಿದ್ದರು? ಅವರು ಪುಸ್ತಕ ಬರೆಯಲಿಲ್ಲ. ಕೇಳಿ ಬರೆದುಕೊಳ್ಳುವವರೂ ಇರಲಿಲ್ಲ.

ದಂಡಿನ ಬೆನ್ನಿಗೆ ಬಜಾರು

1860ರಲ್ಲಿ ಹೊಸ ಒಪ್ಪಂದ ಆಗಿ ದೋಆಬ್ ಮರಳಿ ನಿಜಾಮರಿಗೆ ಬಂತು. 1857ರ ಗದ್ದಲದಲ್ಲಿ ತಮ್ಮ ಪರ ನಿಂತದ್ದಕ್ಕೆ ಇಂಗ್ಲಿಷರು ಕೊಟ್ಟ ಬಹುಮಾನ ಅದು. ಜೊತೆಗೆ ಸುರಪುರ ಸಂಸ್ಥಾನವನ್ನೂ ನಿಜಾಮರಿಗೆ ಕೊಟ್ಟರು, 50 ಲಕ್ಷ ರೂಪಾಯಿ ಸಾಲವನ್ನೂ ಬಿಟ್ಟರು. ಆಡಳಿತ ಬದಲಾಯಿತು, ಕಂಟಿಂಜೆಂಟ್ ಪಡೆ ಮಾತ್ರ ಮುಂದುವರೀತು.

ಅಂಗಡಿಕಾರರಿಗೆ ಬೇಕಾದ ಮಾತು ಇಲ್ಲಿದೆ. ದಂಡು ಎಲ್ಲಿ ನಿಲ್ಲುತ್ತೋ ಅಲ್ಲಿ ಬಜಾರು ಬೆಳೆಯುತ್ತೆ. ಸಿಪಾಯಿಗೆ ತಿಂಗಳ ಪಗಾರ. ಮಳೆ ಬರಲಿ ಬಿಡಲಿ, ಅವನ ಕೈಯಲ್ಲಿ ರೊಕ್ಕ ಆಡುತ್ತೆ. ಜೋಳ, ಬೇಳೆ, ತುಪ್ಪ, ಎಲೆ ಅಡಿಕೆ ದಿನಾ ಬೇಕು. ಕುದುರೆಗೆ ಹುಲ್ಲು, ಹುರುಳಿ ಬೇಕು. ದರ್ಜಿ, ಚಮ್ಮಾರ, ಕಮ್ಮಾರ, ಅಗಸ, ಕ್ಷೌರಿಕ ಎಲ್ಲರೂ ಬೇಕು. ಹೀಗಾಗಿ ಛಾವಣಿ ಇದ್ದ ಕಡೆಯೆಲ್ಲ ಕಸುಬಿನವರು, ವ್ಯಾಪಾರಿಗಳು ದೂರದಿಂದ ಬಂದು ನೆಲೆ ನಿಂತರು. ದಂಡಿನ ಬಜಾರುಗಳಲ್ಲಿ ಯಾವ ಸಾಮಾನಿಗೆ ಎಷ್ಟು ಅಂತ ನಿರಖು, ಅಂದರೆ ದರಪಟ್ಟಿ, ಗೊತ್ತು ಮಾಡ್ತಿದ್ದರು. ಈಗ ಎಪಿಎಂಸಿ ದರಕ್ಕೆ ನಾವು ಮೊಬೈಲ್ ನೋಡೋ ಹಾಗೆ ಆಗ ನಿರಖು ನೋಡಬೇಕಿತ್ತು.

ದಂಡಿನ ಜೊತೆ ಬಂದ ಇಂಗ್ಲಿಷರ ಕಣ್ಣು ಬಂದೂಕಿನ ಮೇಲೆ ಮಾತ್ರ ಇರಲಿಲ್ಲ. 1842ರಲ್ಲೇ ಡಾ. ಪ್ರಿಮ್ರೋಸ್ ಅನ್ನೋರು ಲಿಂಗಸುಗೂರಿನಲ್ಲಿ ಆದಿಮಾನವರ ಕಲ್ಲಿನ ಆಯುಧಗಳನ್ನು ಗುರುತಿಸಿದರು. ಭಾರತದಲ್ಲಿ ಇಂಥ ಆಯುಧಗಳನ್ನು ಗುರುತಿಸಿದ ಅತಿ ಮೊದಲ ದಾಖಲೆಗಳಲ್ಲಿ ಇದೂ ಒಂದು. ಭಾರತದ ಆದಿ ಇತಿಹಾಸದ ಪಿತಾಮಹ ಅಂತ ಕರೆಸಿಕೊಳ್ಳೋ ರಾಬರ್ಟ್ ಬ್ರೂಸ್ ಫೂಟ್ ಮದ್ರಾಸಿನ ಹತ್ತಿರ ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಕೊಡಲಿ ಹುಡುಕಿದ್ದು 1863ರಲ್ಲಿ. ಅದಕ್ಕೂ 21 ವರ್ಷ ಮೊದಲೇ ನಮ್ಮೂರ ಕಲ್ಲು ಸುದ್ದಿಯಾಗಿತ್ತು! ನಮ್ಮ ಶಾಲೆ ಮಕ್ಕಳಲ್ಲಿ ಎಷ್ಟು ಮಂದಿಗೆ ಇದು ಗೊತ್ತು?

ಎರಡು ವರ್ಷದಲ್ಲಿ ಎರಡು ಹೊಡೆತ

ಈಗ ಬೇಸರದ ಮಾತು. 1902ರಲ್ಲಿ ವೈಸರಾಯ್ ಕರ್ಜನ್ ಮತ್ತು ನಿಜಾಮ ಮಹಬೂಬ್ ಅಲಿ ಖಾನ್ ನಡುವೆ ಮಾತುಕತೆ ಆಗಿ ಬೇರಾರ್ ಸೀಮೆ ವರ್ಷಕ್ಕೆ 25 ಲಕ್ಷ ರೂಪಾಯಿಗೆ ಇಂಗ್ಲಿಷರಿಗೆ ಕಾಯಂ ಗುತ್ತಿಗೆ ಆಯಿತು. ಅದರ ಬೆನ್ನಿಗೇ 1903ರಲ್ಲಿ ಹೈದರಾಬಾದ್ ಕಂಟಿಂಜೆಂಟನ್ನು ಭಾರತೀಯ ಸೇನೆಯಲ್ಲಿ ವಿಲೀನ ಮಾಡಿದರು. ಪಡೆಯ ಹೆಸರೇ ಹೋದ ಮೇಲೆ ಅದಕ್ಕಾಗಿ ಕಟ್ಟಿದ ಛಾವಣಿಗೆ ಕೆಲಸ ಉಳಿಯಲಿಲ್ಲ.

ಎರಡನೇ ಹೊಡೆತ 1905ರಲ್ಲಿ. ಅಲ್ಲಿವರೆಗೆ ಲಿಂಗಸುಗೂರು ಬರೀ ತಾಲ್ಲೂಕು ಆಗಿರಲಿಲ್ಲ, ಜಿಲ್ಲೆ ಆಗಿತ್ತು. ಹೌದು, ಲಿಂಗಸುಗೂರು ಜಿಲ್ಲೆ! 1905ರಲ್ಲಿ ಹೈದರಾಬಾದ್ ಸರ್ಕಾರ ಜಿಲ್ಲೆಗಳನ್ನು ಹೊಸದಾಗಿ ವಿಂಗಡಿಸಿದಾಗ ನಮ್ಮ ಜಿಲ್ಲೆ ರದ್ದಾಯಿತು. ಲಿಂಗಸುಗೂರು, ಸಿಂಧನೂರು, ಕುಷ್ಟಗಿ, ಗಂಗಾವತಿ ರಾಯಚೂರಿಗೆ ಸೇರಿದವು. ಸುರಪುರ, ಶಹಾಪುರ ಕಲಬುರಗಿಗೆ ಹೋದವು. ರಾಯಚೂರಿಗೆ 1871ರಲ್ಲೇ ರೈಲು ಬಂದಿತ್ತು. ಮುಂಬೈ ಕಡೆಯ ಹಳಿ, ಮದ್ರಾಸ್ ಕಡೆಯ ಹಳಿ ಕೂಡಿದ್ದು ಅಲ್ಲೇ. ನಮ್ಮೂರಿಗೆ ಹಳಿ ಬಂದಿರಲಿಲ್ಲ.

ದಂಡೂ ಹೋಯಿತು, ಜಿಲ್ಲಾ ಕಚೇರಿಯೂ ಹೋಯಿತು. ಪಗಾರದ ಕೈಗಳು ಹೋದರೆ ಬಜಾರಿಗೆ ಏನಾಗುತ್ತೆ ಅಂತ ವ್ಯಾಪಾರಸ್ಥರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇವತ್ತು ಲಿಂಗಸುಗೂರಿನಲ್ಲಿ ಸಹಾಯಕ ಆಯುಕ್ತರ ಕಚೇರಿ ಇದೆ, ಉಪವಿಭಾಗ ಕೇಂದ್ರ ಅನ್ನೋ ಸ್ಥಾನ ಇದೆ. ಜಿಲ್ಲೆ ಬೇಕು ಅನ್ನೋ ಮಾತು ಬಂದಾಗ "ಹೊಸ ಜಿಲ್ಲೆ" ಅನ್ನೋದಕ್ಕಿಂತ "ಹೋದ ಜಿಲ್ಲೆ" ಅನ್ನೋದೇ ಸರಿ.

ಹಟ್ಟಿ: ಲಂಡನ್ನಿನಲ್ಲಿ ಮಾರಾಟವಾದ ನೆಲ

ದಂಡಿನ ಇಂಗ್ಲಿಷರು ಹೋಗೋ ಹೊತ್ತಿಗೆ ಇನ್ನೊಂದು ಥರದ ಇಂಗ್ಲಿಷರು ಅದೇ ತಾಲ್ಲೂಕಿನಲ್ಲಿ ನೆಲ ಅಗೀತಿದ್ದರು. ಹಟ್ಟಿಯಲ್ಲಿ ಚಿನ್ನ ತೆಗೆದದ್ದು ಇಂಗ್ಲಿಷರೇ ಮೊದಲಲ್ಲ. ಯಂತ್ರ, ಸಿಡಿಮದ್ದು ಇಲ್ಲದ ಕಾಲದಲ್ಲಿ ನಮ್ಮ ಹಿರಿಯರು ಸುಮಾರು 640 ಅಡಿ ಆಳದವರೆಗೆ ಇಳಿದಿದ್ದರು. ಆ ಹಳೆ ಗಣಿಯೊಳಗೆ ಸಿಕ್ಕ ಕಟ್ಟಿಗೆಯನ್ನು ಪರೀಕ್ಷೆ ಮಾಡಿದಾಗ ಅದು ಸುಮಾರು 1,900 ವರ್ಷ ಹಿಂದಿನದು ಅಂತ ಗೊತ್ತಾಯಿತು.

1886ರಲ್ಲಿ ನಿಜಾಮ ಸರ್ಕಾರ ಗಣಿ ಹಕ್ಕನ್ನು ಲಂಡನ್ನಿನ ಹೈದರಾಬಾದ್ ಡೆಕ್ಕನ್ ಕಂಪನಿಗೆ ಕೊಟ್ಟಿತು. ಸಿಂಗರೇಣಿ ಕಲ್ಲಿದ್ದಲೂ ಅದೇ ಕಂಪನಿಯ ಕೈಗೆ ಹೋಯಿತು. ನೆಲ ಇಲ್ಲಿ, ಷೇರು ವ್ಯಾಪಾರ ಅಲ್ಲಿ. ಆ ಷೇರುಗಳ ವಿಷಯದಲ್ಲಿ ದೊಡ್ಡ ಹಗರಣ ಎದ್ದು 1888ರಲ್ಲಿ ಬ್ರಿಟಿಷ್ ಸಂಸತ್ತಿನ ಸಮಿತಿಯೇ ವಿಚಾರಣೆ ಮಾಡಬೇಕಾಯಿತು. ಮುಂದೆ ವಂದಲಿಯಲ್ಲಿ, ಆಮೇಲೆ ಹಟ್ಟಿಯಲ್ಲಿ ಗಣಿ ನಡೆಯಿತು. 1920ರ ಹೊತ್ತಿಗೆ ಹಟ್ಟಿಯನ್ನೂ ಮುಚ್ಚಿ ಹೋದರು.

ಆದರೆ ಚಿನ್ನ ಮುಗಿದಿರಲಿಲ್ಲ. 1947ರಲ್ಲಿ ಹೈದರಾಬಾದ್ ಚಿನ್ನದ ಗಣಿ ಕಂಪನಿ ಶುರುವಾಯಿತು. ಕರ್ನಾಟಕ ಏಕೀಕರಣದ ವರ್ಷ, 1956ರಲ್ಲಿ, ಅದು ಹಟ್ಟಿ ಚಿನ್ನದ ಗಣಿ ಕಂಪನಿ ಆಯಿತು. 2001ರಲ್ಲಿ ಕೋಲಾರದ ಗಣಿ ಮುಚ್ಚಿತು. ಹಟ್ಟಿ ಇವತ್ತಿಗೂ ನಡೀತಾ ಇದೆ. ಇಂಗ್ಲಿಷ್ ಕಂಪನಿ ಕೈಬಿಟ್ಟ ಗಣಿಯಿಂದ ಸಾವಿರಾರು ಮನೆಗಳ ಒಲೆ ಉರೀತಾ ಇದೆ.

ಮಸ್ಕಿ: ದಿನಾ ಕಂಡರೂ ಓದದ ಕಲ್ಲು

ಚಿನ್ನದ ಹುಡುಕಾಟದ ಅದೇ ಕಾಲದಲ್ಲಿ, 1915ರಲ್ಲಿ, ಸಿ. ಬೀಡನ್ ಅನ್ನೋ ಚಿನ್ನದ ಗಣಿ ಎಂಜಿನಿಯರ್ ಮಸ್ಕಿಯ ಗುಡ್ಡದಲ್ಲಿ ಒಂದು ಬಂಡೆಯ ಮೇಲೆ ಅಕ್ಷರ ಕಂಡರು. ಶಾಸನ ತಜ್ಞ ಎಚ್. ಕೃಷ್ಣಶಾಸ್ತ್ರಿ ಅದನ್ನು ಓದಿ ಅದೇ ವರ್ಷ ಪ್ರಕಟಿಸಿದರು. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಅದರಲ್ಲಿ ಅಶೋಕನ ಹೆಸರು ಇತ್ತು.

ಅದರಲ್ಲೇನು ವಿಶೇಷ ಅಂತೀರಾ? ದೇಶದ ತುಂಬ ಸಿಕ್ಕಿದ್ದ ಶಾಸನಗಳಲ್ಲಿ ಅಲ್ಲಿವರೆಗೆ ಇದ್ದದ್ದು "ದೇವಾನಾಂಪ್ರಿಯ", "ಪ್ರಿಯದರ್ಶಿ" ಅನ್ನೋ ಬಿರುದುಗಳು ಮಾತ್ರ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿ ಬಿಡಿಸಿದರು. ಆ ಪ್ರಿಯದರ್ಶಿ ಅಂದರೆ ಅಶೋಕನೇ ಅಂತ ವಿದ್ವಾಂಸರು ಸಿಂಹಳದ ಬೌದ್ಧ ಗ್ರಂಥಗಳ ಆಧಾರದಿಂದ ಹೇಳ್ತಿದ್ದರು. ಆದರೆ ಕಲ್ಲಿನ ಮೇಲೆ ಹೆಸರು ಸಿಕ್ಕಿರಲಿಲ್ಲ. ಆ ಹೆಸರನ್ನು ಮೊದಲು ತೋರಿಸಿದ್ದು ನಮ್ಮ ಮಸ್ಕಿ. ಸಣ್ಣವರು ದೊಡ್ಡವರು ಅನ್ನೋ ಭೇದ ಇಲ್ಲದೆ ಧರ್ಮದ ದಾರಿ ಎಲ್ಲರಿಗೂ ಇದೆ ಅನ್ನೋದು ಆ ಶಾಸನದ ತಿರುಳು.

ಬೀಡನ್ ಬರೋ ಮೊದಲು ಆ ಗುಡ್ಡಕ್ಕೆ ಯಾರೂ ಹೋಗಿರಲಿಲ್ಲವಾ? ದನ ಕುರಿ ಕಾಯೋರು, ಕಟ್ಟಿಗೆ ತರೋರು ಓಡಾಡದ ಗುಡ್ಡ ನಮ್ಮ ಕಡೆ ಯಾವುದಿದೆ? ಕಲ್ಲು ಕಂಡಿತ್ತು, ಅದರ ಬೆಲೆ ಕಂಡಿರಲಿಲ್ಲ, ಅಷ್ಟೇ. ಹದಿನಾರು ವರ್ಷದ ನಂತರ, 1931ರಲ್ಲಿ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡಿನ ಅಶೋಕ ಶಾಸನಗಳು ಬೆಳಕಿಗೆ ಬಂದವು. ಅವನ್ನು ಹುಡುಕಿದವರು ಕೊಪ್ಪಳದವರೇ ಆದ ಎನ್.ಬಿ. ಶಾಸ್ತ್ರಿ. ಊರಿನವರೇ ಕಣ್ಣು ತೆರೆದು ನೋಡಿದರೆ ಏನಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಸಿಂಧನೂರಿನ ಕ್ಯಾಂಪುಗಳು

ಛಾವಣಿ ಅನ್ನೋದರ ಇಂಗ್ಲಿಷ್ ತಮ್ಮ "ಕ್ಯಾಂಪ್" ಇವತ್ತು ಹೆಚ್ಚು ಕೇಳೋದು ಸಿಂಧನೂರು ತಾಲ್ಲೂಕಿನಲ್ಲಿ. ಆದರೆ ಈ ಕ್ಯಾಂಪುಗಳಿಗೂ ದಂಡಿಗೂ ಸಂಬಂಧ ಇಲ್ಲ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದು ಎಡದಂಡೆ ನಾಲೆಗೆ ನೀರು ಹರಿದ ಮೇಲೆ ಆಂಧ್ರದ ಕಡೆಯಿಂದ ಬಂದ ರೈತರು ಹೊಲಗಳಲ್ಲೇ ಮನೆ ಹಾಕಿಕೊಂಡರು. ಆಗ ಅದು ತಾತ್ಕಾಲಿಕ ಬಿಡಾರ, ಹಂಗಾಗಿ ಕ್ಯಾಂಪ್. ಆಮೇಲೆ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ ಸರ್ಕಾರ ಪುನರ್ವಸತಿ ಕೊಟ್ಟಿತು. ಆ ಊರುಗಳೇ ಆರ್‌ಎಚ್ ಕ್ಯಾಂಪುಗಳು.

ಎರಡೂ ಪಕ್ಕ ಪಕ್ಕ ಇಟ್ಟು ನೋಡ್ರಿ. ಸೂರು ಹಾಕಿ ಕಾಯಂ ಅಂತ ಕಟ್ಟಿದ ದಂಡಿನ ಛಾವಣಿ ಖಾಲಿ ಆಯಿತು. ತಾತ್ಕಾಲಿಕ ಅಂತ ಹಾಕಿದ ಕ್ಯಾಂಪುಗಳು ಶಾಲೆ, ಗುಡಿ, ಅಂಗಡಿ ಇರೋ ಊರುಗಳಾದವು. ಪಗಾರಕ್ಕೆ ಬಂದವರು ಪಗಾರ ನಿಂತ ಮೇಲೆ ಹೋದರು. ನೆಲ ನಂಬಿ ಬಂದವರು ಇಲ್ಲಿನವರೇ ಆದರು.

ಈಗ ನಮ್ಮ ಪಾಲಿನ ಕೆಲಸ

ಅಶೋಕನ ಶಾಸನಕ್ಕೆ ಸರ್ಕಾರದ ರಕ್ಷಣೆ ಇದೆ. ಹಟ್ಟಿಗೆ ಕಂಪನಿ ಇದೆ. ಛಾವಣಿ ನೆನಪಿಗೆ ಯಾರೂ ಇಲ್ಲ. ಅಜ್ಜ ಅಜ್ಜಿಯಂದಿರ ತಲೆಯಲ್ಲಿ ಇರೋ ಮಾತು ಅವರ ಜೊತೆ ಹೋದರೆ ಮುಗೀತು. ದೊಡ್ಡ ಖರ್ಚಿಲ್ಲದೆ ಮಾಡಬಹುದಾದ ಕೆಲಸ ಇಷ್ಟಿವೆ:

- ಮನೆಯಲ್ಲಿ ಹಳೆ ಕ್ರಯಪತ್ರ, ಉರ್ದು ಕಾಗದ, ಖಾಸ್ರಾ ಪಹಣಿ ನಕಲು ಇದ್ದರೆ ಹರಿಯಬೇಡಿ, ರದ್ದಿಗೆ ಹಾಕಬೇಡಿ. ಚಕ್ಕುಬಂದಿ ಬರೆದ ಕಡೆ ನೋಡ್ರಿ. ಮೂಡಣಕ್ಕೆ ಏನು, ಪಡುವಣಕ್ಕೆ ಏನು ಅಂತ ಬರೆದ ಸಾಲಿನಲ್ಲೇ ಈಗ ಯಾರೂ ಕರೆಯದ ಬಜಾರು, ಬಾವಿ, ಓಣಿಯ ಹೆಸರು ಸಿಗುತ್ತೆ. ಉರ್ದು ಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರು ಇರುವಾಗಲೇ ಓದಿಸಿಕೊಳ್ಳಿ.
- ನಿಮ್ಮ ಅಂಗಡಿ ಎಷ್ಟು ತಲೆಮಾರಿನದು, ಮೊದಲು ಏನು ಮಾರ್ತಿದ್ದರು, ಯಾವ ಊರಿಂದ ಬಂದವರು ಅಂತ ಮನೆ ಹಿರಿಯರನ್ನು ಕೇಳಿ ಮೊಬೈಲಿನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ. ಹತ್ತು ನಿಮಿಷದ ಮಾತು ಸಾಕು.
- ಹೊಲದ ಬದುವಿನಲ್ಲಿ, ಖಾಲಿ ಜಾಗದಲ್ಲಿ ಅಕ್ಷರ ಇರೋ ಕಲ್ಲು ಕಂಡರೆ, ಅದು ಇಂಗ್ಲಿಷ್ ಸಮಾಧಿ ಕಲ್ಲೇ ಆಗಲಿ ಹಳಗನ್ನಡ ಶಾಸನವೇ ಆಗಲಿ, ಕಟ್ಟಡಕ್ಕೆ ಬಳಸಬೇಡಿ. ಫೋಟೋ ತೆಗೆದು ತಹಶೀಲ್ದಾರ್ ಕಚೇರಿಗೆ ಅಥವಾ ಹತ್ತಿರದ ಕಾಲೇಜಿನ ಇತಿಹಾಸ ಮೇಷ್ಟ್ರಿಗೆ ತಿಳಿಸಿ.
- ಶಾಲೆಯವರು ಮಕ್ಕಳನ್ನು ಪ್ರವಾಸ ಅಂತ ದೂರ ಕರಕೊಂಡು ಹೋಗೋ ಮೊದಲು ಒಂದು ದಿನ ಮಸ್ಕಿ ಗುಡ್ಡ, ಛಾವಣಿ, ಸುರಪುರದ ಟೇಲರ್ ಮಂಜಿಲ್ ತೋರಿಸಲಿ. ಒಂದೇ ರಸ್ತೆ, ಒಂದೇ ದಿನದ ದಾರಿ.

ಇಂಗ್ಲಿಷರನ್ನು ಹೊಗಳೋದಕ್ಕೋ ಬೈಯೋದಕ್ಕೋ ಇದನ್ನು ಬರೆದದ್ದಲ್ಲ. ಅವರು ತಮ್ಮ ಕೆಲಸಕ್ಕೆ ಬಂದರು, ತಮ್ಮ ಮಾತು ಬರೆದಿಟ್ಟು ಹೋದರು. ನಮ್ಮ ಅಜ್ಜಂದಿರು ಅವರಿಗೆ ಜೋಳ ಮಾರಿದರು, ಅವರ ಕುದುರೆಗೆ ಲಾಳ ಕಟ್ಟಿದರು, ಅವರ ಗಣಿಗೆ ಇಳಿದರು, ಅವರ ವಿರುದ್ಧ ಸುರಪುರದಲ್ಲಿ ನಿಂತರು. ಆ ಭಾಗವನ್ನು ಲಂಡನ್ನಿನವರು ಬಂದು ಬರೆಯೋದಿಲ್ಲ. ನಾವೇ ಬರೀಬೇಕು.

ಇನ್ನು ಮುಂದೆ ಯಾರಾದರೂ "ಛಾವಣಿ ಅಂದ್ರೆ ಏನ್ರಿ?" ಅಂತ ಕೇಳಿದರೆ ಸುಮ್ಮನಾಗಬೇಡಿ. ಕೂರಿಸಿ, ಒಂದು ಚಾ ತರಿಸಿ, ಹೇಳ್ರಿ.